ಲಗ್ನಪತ್ರಿಕೆ ಮೊದಲೋ, ಒಪ್ಪಿಗೆ ಮೊದಲೋ?



ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಮನೆಮನೆಯಲ್ಲೂ ಮದುವೆಯ ಮಾತು. ತಪಸ್ಸುಕಾಲ ಕಳೆದು ಪಾಸ್ಖಹಬ್ಬ ಬಂತೆಂದರೆ ದೇವಾಲಯಗಳಲ್ಲಿ ಮದುವೆಗಳ ಸಾಲು. ಆ ದಿನಗಳಲ್ಲಿ ಗುರುಮನೆಯ ಬಾಗಿಲು ತಟ್ಟುವ ತಂದೆತಾಯಿಗಳಲ್ಲಿ ಕೆಲವರ ಕೈಯಲ್ಲಿ ಪತ್ರಿಕೆಯ ಕಟ್ಟೇ ಇರುತ್ತದೆ. "ಸ್ವಾಮಿ, ಮೊದಲ ಪತ್ರಿಕೆ ನಿಮಗೇ" ಎಂದು ಪ್ರೀತಿಯಿಂದ ಕೊಡುತ್ತಾರೆ. ಬಿಡಿಸಿ ನೋಡಿದರೆ ದೇವಾಲಯದ ಹೆಸರು, ದಿನ, ಗಂಟೆ ಎಲ್ಲವೂ ಅಚ್ಚಾಗಿದೆ. ದೇವಾಲಯವನ್ನು ಮಾತ್ರ ಯಾರೂ ಕೇಳಿಲ್ಲ! ವರನ ಧರ್ಮಕೇಂದ್ರದಿಂದ ಜ್ಞಾನಸ್ನಾನದ ಪ್ರಮಾಣಪತ್ರ ಬಂದಿಲ್ಲ, ವಿವಾಹ ಸಿದ್ಧತಾ ಶಿಬಿರ ಆಗಿಲ್ಲ, ಮದುವೆಯ ಪ್ರಕಟಣೆ ಒಂದು ಸಲವೂ ಓದಿಲ್ಲ.

ಇದು ನಕ್ಕು ಸರಿಪಡಿಸಬಹುದಾದ ತಪ್ಪು. ಆದರೆ ನಗಲಾಗದ ಇನ್ನೊಂದು ಪ್ರಸಂಗವಿದೆ. ಊರು, ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಒಬ್ಬ ಮಗಳು ವಿವಾಹಪೂರ್ವ ವಿಚಾರಣೆಗೆ ಬಂದಳು. ವಧುವನ್ನೂ ವರನನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳುವ ಪ್ರಶ್ನೆಗಳಲ್ಲಿ ಒಂದನ್ನು ಕೇಳಿದೆ: "ಮಗಳೇ, ಈ ಮದುವೆಗೆ ನೀನು ಸ್ವಂತ ಮನಸ್ಸಿನಿಂದ ಒಪ್ಪಿದ್ದೀಯಾ?" ಅವಳು ಬಹಳ ಹೊತ್ತು ಸುಮ್ಮನಿದ್ದು, "ಪತ್ರಿಕೆ ಹಂಚಿ ಆಗಿದೆ, ಸ್ವಾಮಿ" ಎಂದಳು.

ನಾನು ಕೇಳಿದ್ದು ಮನಸ್ಸನ್ನು. ಅವಳು ಹೇಳಿದ್ದು ಕಾಗದದ ಸುದ್ದಿಯನ್ನು.

ನಿಮ್ಮ ಮುಂದೆ ನಾನು ಇಡುವ ಪ್ರಶ್ನೆ ಇದು: ಅಚ್ಚಾದ ಕಾಗದಕ್ಕೆ ಒಬ್ಬರ ಮನಸ್ಸನ್ನು ಕಟ್ಟಿಹಾಕುವ ಅಧಿಕಾರವುಂಟೇ?

"ಉಂಟು, ಕೊಟ್ಟ ಮಾತು ಮಾತೇ ಅಲ್ಲವೇ?" ಎಂದು ಹಿರಿಯರು ಹೇಳುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಆಮಂತ್ರಣವೂ ಒಂದು ವಾಗ್ದಾನ. ಅದನ್ನು ನಂಬಿ ಬಂಧುಗಳು ರಜೆ ಹಾಕುತ್ತಾರೆ, ಟಿಕೆಟ್ ಕೊಳ್ಳುತ್ತಾರೆ, ಉಡುಗೊರೆಗೆ ಸಾಲವನ್ನೂ ಮಾಡುತ್ತಾರೆ. ಆದರೆ ಇಲ್ಲಿ ವಾಗ್ದಾನ ಯಾರದು, ಯಾವುದರದು ಎಂದು ವಿಚಾರಮಾಡಿ. ಪತ್ರಿಕೆಯಲ್ಲಿ ತಂದೆತಾಯಿ ಕೊಡುವುದು ಆತಿಥ್ಯದ ಮಾತು. ಮಗಳ ಒಪ್ಪಿಗೆ ಅವರ ಕೈಯಲ್ಲಿಲ್ಲ. ತನ್ನದಲ್ಲದ್ದನ್ನು ಯಾರೂ ಮಾತು ಕೊಡಲಾರರು. ಇನ್ನು ಪರಿಸ್ಥಿತಿ ಬದಲಾದಾಗ ಮಾತು ನಡೆಸಲಾಗದವನು ದ್ರೋಹಿಯಲ್ಲ ಎಂದು ಸಂತ ಥಾಮಸ್ ಅಕ್ವಿನಾಸರೂ ವಿವರಿಸಿದ್ದಾರೆ.

ಧರ್ಮಸಭೆಯ ಮಾತು ಇನ್ನೂ ಸ್ಪಷ್ಟ. 1983ರ ಕಾನೂನು ಸಂಹಿತೆಯ 1057ನೇ ಕಾನೂನಿನಂತೆ ವಿವಾಹವನ್ನು ಉಂಟುಮಾಡುವುದು ವಧೂವರರ ಒಪ್ಪಿಗೆ. ಬೇರೆ ಯಾವ ಮಾನವಶಕ್ತಿಯೂ ಅದರ ಸ್ಥಾನವನ್ನು ತುಂಬಲಾರದು. ಬಲಾತ್ಕಾರದಿಂದಲೋ ಹೊರಗಿನಿಂದ ಬಂದ ಗಂಭೀರ ಭಯದಿಂದಲೋ ನಡೆದ ಮದುವೆ ಮದುವೆಯೇ ಅಲ್ಲ ಎನ್ನುತ್ತದೆ 1103ನೇ ಕಾನೂನು. 1062ನೆಯದು ನಿಶ್ಚಿತಾರ್ಥದ ಮಾತನ್ನು ಹಿಡಿದು ಮದುವೆಯಾಗಲೇಬೇಕೆಂದು ಒತ್ತಾಯಿಸುವ ಹಕ್ಕನ್ನು ಯಾರಿಗೂ ಕೊಡುವುದಿಲ್ಲ. ನಷ್ಟವಾಗಿದ್ದರೆ ಪರಿಹಾರ ಕೇಳಬಹುದು, ಅಷ್ಟೆ. ನಿಶ್ಚಿತಾರ್ಥಕ್ಕೇ ಇಲ್ಲದ ಅಧಿಕಾರ ಲಕೋಟೆಗೆ ಎಲ್ಲಿಂದ ಬಂತು?

ಹಾಗಾದರೆ ಪತ್ರಿಕೆಯನ್ನು ಕೊನೆಯ ಗಳಿಗೆಯವರೆಗೆ ತಡೆಯಬೇಕೇ? ಅದೂ ನ್ಯಾಯವಲ್ಲ. ದೂರದವರಿಗೆ ಸಮಯ ಬೇಕು. ಈಗ ರೈಲಿನ ಮುಂಗಡ ಕಾಯ್ದಿರಿಸುವಿಕೆ ಅರವತ್ತು ದಿನ ಮೊದಲೇ ತೆರೆಯುತ್ತದೆ. ಗಲ್ಫ್‌ನಲ್ಲಿರುವ ಮಗನಿಗೆ ರಜೆ ಸುಲಭಕ್ಕೆ ಸಿಗುವುದಿಲ್ಲ. ಅಂಥವರಿಗೆ ಫೋನಿನಲ್ಲಿ "ಹೀಗೊಂದು ದಿನ ನೋಡಿದ್ದೇವೆ, ಖಚಿತವಾದ ಮೇಲೆ ತಿಳಿಸುತ್ತೇವೆ" ಎಂದು ಹೇಳಿದರೆ ಸಾಕು. ಅದು ಸತ್ಯವಾದ ಮಾತು, ಯಾರನ್ನೂ ಕಟ್ಟಿಹಾಕದ ಮಾತು.

ಕ್ರಮ ಹೀಗಿರಲಿ. ಮಾತುಕತೆ ಮುಗಿದೊಡನೆ, ಕನಿಷ್ಠ ಮೂರು ತಿಂಗಳು ಮೊದಲು, ಛತ್ರಕ್ಕಿಂತ ಮುಂಚೆ ನಿಮ್ಮ ಧರ್ಮಗುರುಗಳನ್ನು ಕಾಣಿರಿ. ಪ್ರಮಾಣಪತ್ರಗಳು, ಸಿದ್ಧತಾ ಶಿಬಿರ, ವಿಚಾರಣೆ ಮುಗಿಯಲಿ. ಒಬ್ಬರು ಕ್ರೈಸ್ತೇತರರಾದರೆ ಧರ್ಮಾಧ್ಯಕ್ಷರ ವಿನಾಯಿತಿ ಕೈಸೇರಲಿ. ಆಮೇಲೆ ಪ್ರಕಟಣೆ. ಅದು ಮುಗಿದ ಮೇಲೆ ಅಚ್ಚು. ಮದುವೆಗೆ ಮೂರು ನಾಲ್ಕು ವಾರ ಉಳಿದಿರುವಾಗ ಹಂಚಿಕೆ. ನಮ್ಮ ಊರುಗಳಲ್ಲಿ ಮನೆಗೆ ಹೋಗಿ ಕರೆಯುವುದಕ್ಕೆ ಅಷ್ಟು ಸಮಯ ಸಾಲುತ್ತದೆ.

ಪ್ರಕಟಣೆಯ ಬಗ್ಗೆ ಒಂದು ಮಾತು. 1215ರ ನಾಲ್ಕನೆಯ ಲಾತೆರನ್ ಮಹಾಸಭೆ ಅದನ್ನು ಇಡೀ ಧರ್ಮಸಭೆಗೆ ವಿಧಿಸಿತು. 1563ರಲ್ಲಿ ತ್ರೆಂತ್ ಮಹಾಸಭೆ ಮೂರು ಹಬ್ಬದ ದಿನಗಳಲ್ಲಿ ಓದಬೇಕೆಂದು ಗೊತ್ತುಮಾಡಿತು. ಗುಟ್ಟಿನ ಮದುವೆಗಳಿಂದ ಹೆಣ್ಣುಮಕ್ಕಳು ಮೋಸಹೋಗುತ್ತಿದ್ದ ಕಾಲವದು. ಪ್ರಕಟಣೆಯೂ ಒಂದು ಆಮಂತ್ರಣವೇ. 'ಅಡ್ಡಿಯಿದ್ದರೆ ಬಂದು ಹೇಳಿ' ಎಂಬ ಕರೆ ಅದು. 'ಬಂದು ಸಂತೋಷಪಡಿ' ಎಂಬ ಕರೆ ಅದರ ನಂತರ ಬಂದರೇನೇ ಚೆನ್ನ.

ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2016ರ ತಮ್ಮ 'ಅಮೋರಿಸ್ ಲೆತೀತ್ಸಿಯ' ಪತ್ರದಲ್ಲಿ, ಆಮಂತ್ರಣ, ಬಟ್ಟೆಬರೆ, ಔತಣಗಳ ಗಡಿಬಿಡಿ ಹಣವನ್ನು ಮಾತ್ರವಲ್ಲ, ಆನಂದವನ್ನೂ ಬರಿದುಮಾಡುತ್ತದೆಂದು ಎಚ್ಚರಿಸಿದ್ದಾರೆ. ಪತ್ರಿಕೆ ಸರಳವಾಗಿರಲಿ. ಬಡವರನ್ನು ಔತಣಕ್ಕೆ ಕರೆಯಿರಿ ಎಂದ ಯೇಸುಸ್ವಾಮಿಯ ಮಾತು ಸಂತ ಲೂಕರ 14ನೇ ಅಧ್ಯಾಯದಲ್ಲಿದೆ. ಚಿನ್ನದ ಅಂಚಿಗೆ ಹೋಗುವ ಹಣದಲ್ಲಿ ಇನ್ನಷ್ಟು ಎಲೆ ಹಾಕಬಹುದು.

ಆ ಮಗಳ ಮದುವೆಯನ್ನು ಮುಂದೂಡಿದೆವು. ತಂದೆ ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಅವರ ನೋವು ಸುಳ್ಳಲ್ಲ. ಮನೆಮನೆಗೆ ಹೋಗಿ "ಮದುವೆ ನಿಂತಿದೆ" ಎಂದು ಹೇಳಿ ಬಂದವರು ಅವರೇ. ಪತ್ರಿಕೆಗಿಂತ ಮೊದಲು ಆ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಆ ಮನೆಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಆ ಪ್ರಶ್ನೆ ತಡವಾದುದರಲ್ಲಿ ಗುರುವಾದ ನನ್ನ ಪಾಲೂ ಇದೆ.

ಆದುದರಿಂದ ತಂದೆತಾಯಿಗಳೇ, ಅಚ್ಚಿಗೆ ಕೊಡುವ ಹಿಂದಿನ ಸಂಜೆ, ಜಪಮಾಲೆಯಾದ ಮೇಲೆ, ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕೂರಿಸಿಕೊಂಡು ಕೇಳಿರಿ: "ಈಗಲೂ ಬೇಡವೆನ್ನಬಹುದು. ನೀನು ಏನೇ ಹೇಳಿದರೂ ನಾವು ನಿನ್ನ ಜೊತೆಗಿದ್ದೇವೆ. ಹೇಳು, ನಿನಗೆ ಮನಸ್ಸಿದೆಯಾ?" ಉತ್ತರ ಬರುವವರೆಗೆ ಕಾಯಿರಿ. ಬೆಳಿಗ್ಗೆ ಹೋದರೂ ಅಚ್ಚುಕೂಟ ಅಲ್ಲೇ ಇರುತ್ತದೆ.