ಸೌರಸೀಮಾ ಮೀಮಾಂಸೆ

ಸೌರವ್ಯೂಹದ ಸೀಮೆ ಯಾವುದೆಂಬುದು ಇಲ್ಲಿ ವಿಚಾರ್ಯ. 1977ರಲ್ಲಿ ಉಡಾವಣೆಗೊಂಡ ಅಮೆರಿಕದ ವಾಯೇಜರ್-1 ನೌಕೆಯು 2012ರ ಆಗಸ್ಟ್ 25ರಂದು ಸೌರವ್ಯೂಹದಿಂದ ನಿರ್ಗಮಿಸಿತೆಂಬ ಲೋಕಪ್ರಸಿದ್ಧಿಯೇ ಈ ವಿಚಾರಕ್ಕೆ ನಿಮಿತ್ತ. ನಿರ್ಗಮನವು ಸೀಮಾಪೇಕ್ಷಿಯಾದುದರಿಂದ ಸೀಮಾಲಕ್ಷಣವನ್ನು ನಿಶ್ಚಯಿಸದೆ ನಿರ್ಗಮನವನ್ನು ಸಾರುವುದು ಅಯುಕ್ತ.

ಸೂರ್ಯನ ಪ್ರಾಬಲ್ಯವು ಬಾಹ್ಯಬಲದಿಂದ ಎಲ್ಲಿ ಕುಂಠಿತವಾಗುವುದೋ ಅದು ಸೀಮೆ. ಅದು ದ್ವಿವಿಧ: ಮಾರುತಸೀಮೆ ಮತ್ತು ಗುರುತ್ವಸೀಮೆ. ಬೆಳಕಿಗೆ ಅಂತಹ ಪ್ರತಿರೋಧವಿಲ್ಲದ ಕಾರಣ ಅದು ಮೂರನೆಯ ಭೇದವಾಗದು. ಸೂರ್ಯನಿಂದ ಹೊರಹೊಮ್ಮುವ ವಿದ್ಯುದಾವಿಷ್ಟ ಕಣಗಳ ಪ್ರವಾಹವೇ ಸೌರಮಾರುತ. ಅದರ ಒತ್ತಡವು ಅಂತರತಾರಾ ಮಾಧ್ಯಮದ ಒತ್ತಡಕ್ಕೆ ಸಮವಾಗುವ ಎಡೆ ಮಾರುತಸೀಮೆ. ಹೀಲಿಯೋಪಾಸ್ ಎಂಬುದು ಅದರ ರೂಢನಾಮ. ವಾಯೇಜರ್-1 ಅದನ್ನು ದಾಟಿದುದು ಸುಮಾರು 121 ಖಗೋಳಮಾನಗಳ (ಸೂರ್ಯ-ಭೂಮಿಗಳ ಸರಾಸರಿ ದೂರವೇ ಒಂದು ಖಗೋಳಮಾನ) ದೂರದಲ್ಲಿ. ಅನ್ಯತಾರೆಗಳ ಸೆಳೆತದೆದುರು ಸೂರ್ಯನ ಸೆಳೆತ ಕುಂಠಿತವಾಗುವ ಗುರುತ್ವಸೀಮೆಯಾದರೋ, ಸೂರ್ಯನನ್ನು ಬಹುದೂರದಿಂದ ಸುತ್ತುವರಿದ ಹಿಮಕಾಯಗಳ ರಾಶಿಯಾದ ಊರ್ಟ್ ಮೋಡದ ಹೊರ ಅಂಚು; ಅದು ಸುಮಾರು ಒಂದು ಲಕ್ಷ ಖಗೋಳಮಾನಗಳವರೆಗೂ ಇರಬಹುದೆಂದು ಅಂದಾಜು.

ಇಲ್ಲಿ ಪೂರ್ವಪಕ್ಷ: ಮಾರುತಸೀಮೆಯ ಒಳಗಿರುವುದೇ ಸೌರತ್ವ, ಎರಡನೆಯ ಸೀಮೆಯ ಕಲ್ಪನೆ ಗೌರವದೋಷಗ್ರಸ್ತ ಎಂದು. ಇದು ಸಲ್ಲದು. ಸೆಡ್ನಾ ಎಂಬ ಕಾಯವು ಪುರರವಿಯಲ್ಲಿ 76 ಖಗೋಳಮಾನಗಳಷ್ಟು ಸಮೀಪಿಸಿ, ಅಪರವಿಯಲ್ಲಿ 900ಕ್ಕೂ ಹೆಚ್ಚು ದೂರ ಸರಿಯುತ್ತದೆ; ಹನ್ನೊಂದು ಸಾವಿರ ವರ್ಷಗಳಿಗೂ ಮಿಕ್ಕ ತನ್ನ ಪರಿಭ್ರಮಣದ ಬಹುಭಾಗವನ್ನು ಅದು ಮಾರುತಸೀಮೆಯ ಆಚೆಗೇ ಕಳೆಯುತ್ತದೆ. ಆಗೆಲ್ಲ ಅದು ಸೌರವಲ್ಲವೆಂದರೆ, ಸೂರ್ಯನನ್ನೇ ಸುತ್ತುತ್ತಿರುವುದು ಸೌರವಲ್ಲವೆಂದಂತೆ, ಇದು ಅವ್ಯಾಪ್ತಿ. 2017ರಲ್ಲಿ ಬುಧನ ಕಕ್ಷೆಗಿಂತಲೂ ಒಳಗೆ ಹಾದುಹೋದ ಓಮುವಾಮುವಾ ಎಂಬ ಕಾಯವು ಅನ್ಯತಾರಾಮೂಲದ್ದು, ಸೂರ್ಯನಿಗೆ ಬದ್ಧವಲ್ಲದ್ದು. ಈ ಲಕ್ಷಣದಂತೆ ಅದೂ ಸೌರವಾಗಬೇಕಾದೀತು. ಇದು ಅತಿವ್ಯಾಪ್ತಿ. ಆದಕಾರಣ ಕ್ಷೇತ್ರವೇ ಬೇರೆ, ಕುಲವೇ ಬೇರೆ. ಸ್ಥಾನದಿಂದ ಕ್ಷೇತ್ರನಿರ್ಣಯ, ಗುರುತ್ವಬಂಧದಿಂದ ಕುಲನಿರ್ಣಯ. ಮನೆಗೆ ಬಂದ ಅತಿಥಿ ಗೋತ್ರಜನಲ್ಲ. ಪರದೇಶಕ್ಕೆ ಹೋದ ಮಗ ಗೋತ್ರಭ್ರಷ್ಟನೂ ಅಲ್ಲ.

ಮತ್ತೊಬ್ಬ ಪೂರ್ವಪಕ್ಷಿಯು ಮಾರುತಸೀಮೆಯ ಅತಿಕ್ರಮಣವನ್ನೇ ಒಪ್ಪನು. ಹೊರಗೆ ಕಾಂತಕ್ಷೇತ್ರದ ದಿಕ್ಕು ಬದಲಾಗಬೇಕಿತ್ತು, ಬದಲಾಗಲಿಲ್ಲ. ಆದ್ದರಿಂದ ನೌಕೆ ಒಳಗೇ ಇತ್ತು ಎಂಬುದು ಅವನ ವಾದ. ಆಕ್ಷೇಪವು ಗೌರವಾರ್ಹ, ಏಕೆಂದರೆ ಪ್ಲಾಸ್ಮಾವನ್ನು, ಎಂದರೆ ವಿದ್ಯುದಾವಿಷ್ಟ ಕಣಸಮೂಹವನ್ನು, ನೇರವಾಗಿ ಅಳೆಯುವ ಉಪಕರಣವು ವಾಯೇಜರ್-1ರಲ್ಲಿ 1980ರಲ್ಲೇ ಕೆಟ್ಟಿತ್ತು. ಪ್ರತ್ಯಕ್ಷ ತಪ್ಪಿದಲ್ಲಿ ಅನುಮಾನವೇ ಗತಿ. 2012ರ ಮಾರ್ಚ್‌ನಲ್ಲಿ ಸೂರ್ಯನಿಂದ ಸಿಡಿದ ಸ್ಫೋಟದ ಪ್ರಭಾವವು 2013ರ ಏಪ್ರಿಲ್‌ನಲ್ಲಿ ನೌಕೆಯಿದ್ದೆಡೆಗೆ ಮುಟ್ಟಿ, ಅಲ್ಲಿನ ಪ್ಲಾಸ್ಮಾವನ್ನು ಕಂಪಿಸಿತು. ಆ ಕಂಪನದ ಆವೃತ್ತಿಯು ಎಲೆಕ್ಟ್ರಾನ್ ಸಾಂದ್ರತೆಯನ್ನು ಅವಲಂಬಿಸುವುದರಿಂದ, ಆವೃತ್ತಿ ಹೇತು, ಸಾಂದ್ರತೆ ಸಾಧ್ಯ. ದೊರೆತ ಮೌಲ್ಯ ಘನ ಸೆಂಟಿಮೀಟರಿಗೆ ಸುಮಾರು 0.08 ಎಲೆಕ್ಟ್ರಾನ್, ಒಳಬದಿಯ ಸಾಂದ್ರತೆಯ ಸುಮಾರು 40 ಪಟ್ಟು. ಒಳಗೆ ವಿರಳ ಹಾಗೂ ತಪ್ತ, ಹೊರಗೆ ಸಾಂದ್ರ ಹಾಗೂ ಶೀತಲ ಎಂಬುದೇ ಅವ್ಯಭಿಚಾರಿ ಲಕ್ಷಣ, ಕಾಂತದಿಕ್ಕು ಹಾಗಲ್ಲ. 2018ರ ನವೆಂಬರ್ 5ರಂದು ವಾಯೇಜರ್-2 ತನ್ನ ಸುಸ್ಥಿತಿಯ ಉಪಕರಣದಿಂದ ಸೀಮಾತಿಕ್ರಮಣವನ್ನು ಪ್ರತ್ಯಕ್ಷವಾಗಿಯೇ ಅಳೆಯಿತು. ಅಲ್ಲಿಯೂ ಕಾಂತದಿಕ್ಕು ಗಣನೀಯವಾಗಿ ಬದಲಾಗಲಿಲ್ಲ.

ಹಾಗಾದರೆ ಕುಲಚ್ಯುತಿ ಯಾವಾಗ? 2012ರಲ್ಲಲ್ಲ. 1979ರ ಮಾರ್ಚ್ 5ರಂದು ಗುರುಗ್ರಹದ ಸಮೀಪ ಹಾಯ್ದಾಗ ವಾಯೇಜರ್-1 ಸೂರ್ಯನಿಂದ ಬಿಡಿಸಿಕೊಳ್ಳಲು ಬೇಕಾದ ವಿಮೋಚನಾವೇಗವನ್ನು ಪಡೆಯಿತು. ಬಂಧ ಕಳಚಿದುದು ಅಂದೇ, ಕ್ಷೇತ್ರಮಧ್ಯದಲ್ಲಿಯೇ. ಬಂಧ ಕಳಚಿದ ಮೇಲೂ ಸೂರ್ಯನ ಸೆಳೆತ ನಿಲ್ಲದು, ನೌಕೆಯ ವೇಗವನ್ನು ಕ್ರಮೇಣ ಕುಂದಿಸುತ್ತಲೇ ಇರುವುದು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದ ಆ ನೌಕೆ ಊರ್ಟ್ ಮೋಡದ ಒಳ ಅಂಚನ್ನು ಮುಟ್ಟಲು ಸುಮಾರು 300 ವರ್ಷ, ಅದನ್ನು ಹಾಯಲು ಸುಮಾರು 30,000 ವರ್ಷ ಬೇಕೆಂದು ಗಣನೆ. ಗುರುತ್ವಸೀಮೆಯ ನಿರ್ಗಮನ ಇನ್ನೂ ಪ್ರಾಗಭಾವದಲ್ಲಿದೆ.