ತೀರಿಸಬಹುದಾದ ಸಾಲ



ಕಳೆದ ರಮಝಾನ್‌ನಲ್ಲಿ ನಮ್ಮ ರೂಮಿನ ಹಿರಿಯರೊಬ್ಬರು ತರಾವೀಹ್ ಮುಗಿಸಿ ಮೆಟ್ಟಿಲು ಹತ್ತುವಾಗ ಎದೆ ಹಿಡಿದು ಕುಳಿತರು. ಊರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದು ಆರು ತಿಂಗಳಾಗಿತ್ತು. ಉಪವಾಸ ಶುರುವಾದಂದಿನಿಂದ ಬೆಳಗ್ಗಿನ ಮಾತ್ರೆ ನಿಲ್ಲಿಸಿದ್ದರು. ಸಮಯಕ್ಕೆ ಆಸ್ಪತ್ರೆ ತಲುಪಿದ್ದರಿಂದ ಉಳಿದರು, ಅಲ್‌ಹಮ್ದುಲಿಲ್ಲಾಹ್.

ಅವರು ಮಾತ್ರೆ ಬಿಟ್ಟದ್ದು ಅಲ್ಲಾಹನ ಭಯದಿಂದಲೋ, ನಮ್ಮ ಭಯದಿಂದಲೋ? ಮೊದಲ ದಿನ ಅವರ ಕೈಯಲ್ಲಿ ಮಾತ್ರೆ ಕಂಡು, "ಕಾಕಾ, ಉಪವಾಸ ಇಲ್ವಾ?" ಎಂದು ಎಲ್ಲರೆದುರು ಕೇಳಿದವನು ನಾನೇ.

ಅಲ್ ಬಕರ ಅಧ್ಯಾಯದ 184 ಮತ್ತು 185ನೇ ಸೂಕ್ತಗಳಲ್ಲಿ ರೋಗಿಗೆ ವಿನಾಯಿತಿ ಇದೆ. ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿ ಮಾಡಬಹುದು. ಗುಣವಾಗುವ ಭರವಸೆ ಇಲ್ಲದವರಿಗೆ ಫಿದ್ಯಾ ಇದೆ. ನಾನು ಲೆಕ್ಕ ಬರೆಯುವವನು. ನನ್ನ ಲೆಕ್ಕದಲ್ಲಿ ತಪ್ಪಿದ ಉಪವಾಸ ತೀರಿಸಬಹುದಾದ ಸಾಲ. ನಿಂತ ಹೃದಯಕ್ಕೆ ಖಝಾ ಇಲ್ಲ. ದೇಹ ನಮ್ಮ ಸ್ವಂತ ಬಂಡವಾಳವಲ್ಲ, ಅಮಾನತು. ಊರಿನಲ್ಲಿ ಕಾಯುವ ಹೆಂಡತಿ ಮಕ್ಕಳ ಹಕ್ಕೂ ಅದರಲ್ಲಿದೆ.

ಆದ್ದರಿಂದ ರಮಝಾನ್‌ಗೆ ಮೊದಲೇ ಡಾಕ್ಟರನ್ನು ಕಾಣಿ. ಊರಿನಿಂದ ತಂದ ಮಾತ್ರೆಗಳನ್ನೂ ತೋರಿಸಿ. ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಇರಬಹುದು. ದಿನಕ್ಕೊಂದೇ ಮಾತ್ರೆಯಾದರೆ ಅನೇಕ ಸಲ ಇಫ್ತಾರ್‌ಗೆ ಬದಲಿಸಬಹುದು, ಆದರೆ ನಿರ್ಧಾರ ಡಾಕ್ಟರದು. ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಬಿಟ್ಟರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್ ಒಮ್ಮೆಲೇ ನಿಲ್ಲಿಸಿದರೆ ಹೃದಯಾಘಾತವೂ ಆಗಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು ಬಿಸಿಲಿನಲ್ಲಿ ಕೆಲಸ ಮಾಡುವುದಾದರೆ ಅದನ್ನೂ ಹೇಳಿ. ತಪ್ಪಿದ ಮಾತ್ರೆಗೆ ಬದಲಾಗಿ ಎರಡನ್ನು ಒಟ್ಟಿಗೆ ನುಂಗಬೇಡಿ.

ಎದೆನೋವು ಬಂದರೆ ಮಗ್ರಿಬ್ ಬಾಂಗ್‌ಗೆ ಕಾಯಬೇಡಿ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಆಂಬುಲೆನ್ಸ್ ಕರೆಯಿರಿ. ಗಂಟಲಿಗಿಳಿದದ್ದನ್ನು ನುಂಗದಿದ್ದರೆ ಇದರಿಂದ ಉಪವಾಸ ಮುರಿಯುವುದಿಲ್ಲವೆಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1997ರಲ್ಲಿ ಜಿದ್ದಾದಲ್ಲಿ ತೀರ್ಮಾನಿಸಿದೆ. ಮುರಿದರೂ ಚಿಂತೆಯಿಲ್ಲ, ಜೀವ ಮೊದಲು.

ಆರೋಗ್ಯವಂತರಲ್ಲಿ ಒಂದು ವಿನಂತಿ. ಯಾರಾದರೂ ಮೂಲೆಯಲ್ಲಿ ನೀರು ಕುಡಿಯುವುದು ಕಂಡರೆ ಕಾರಣ ಕೇಳಬೇಡಿ. ಆ ಲೆಕ್ಕ ಅವರದು ಮತ್ತು ಅಲ್ಲಾಹನದು. ಕಾಕಾನ ಬಳಿ ನಾನು ಕ್ಷಮೆ ಕೇಳಿದ್ದೇನೆ. ಈ ವರ್ಷ ಇಫ್ತಾರ್ ಆದ ಮೇಲೆ ಅವರಿಗೆ ಮಾತ್ರೆ ನೆನಪಿಸುವ ಕೆಲಸ ನನ್ನದು.