*ಇಂದಿನ ಧಮ್ಮ ಚಿಂತನೆ: ಇಲ್ಲದ ಯಂತ್ರಮಾನವ ಮತ್ತು ನಮ್ಮ ನಾಲ್ಕನೇ ಶೀಲ*





1893ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ದೊಡ್ಡ ವಿಶ್ವ ಮೇಳ ನಡೆಯಿತು. ಅದೇ ವರ್ಷ ಆರ್ಚಿಬಾಲ್ಡ್ ಕ್ಯಾಂಪಿಯನ್ ಎಂಬ ಪ್ರೊಫೆಸರ್ 'ಬಾಯ್ಲರ್‌ಪ್ಲೇಟ್' ಎಂಬ ಯಂತ್ರಮಾನವನನ್ನು ಲೋಕಕ್ಕೆ ತೋರಿಸಿದರು. ಯುದ್ಧದಲ್ಲಿ ಮನುಷ್ಯರ ಬದಲು ಯಂತ್ರ ಹೋರಾಡಲಿ ಎಂಬುದು ಅವರ ಆಸೆ. ಆ ಯಂತ್ರ ಥಿಯೋಡರ್ ರೂಸ್‌ವೆಲ್ಟ್ ಜೊತೆ, ಮೆಕ್ಸಿಕೋದ ಪಾಂಚೊ ವಿಲ್ಲಾ ಜೊತೆ ಇರುವ ಹಳೆಯ ಕಪ್ಪು-ಬಿಳುಪು ಫೋಟೋಗಳೂ ಇವೆ.

ಇದರಲ್ಲಿ ಮೇಳ ನಿಜ. ರೂಸ್‌ವೆಲ್ಟ್ ನಿಜ, ವಿಲ್ಲಾ ನಿಜ. ಪ್ರೊಫೆಸರ್ ಮತ್ತು ಯಂತ್ರ ಮಾತ್ರ ಕಲ್ಪನೆ. ಪಾಲ್ ಗಿನಾನ್ ಎಂಬ ಚಿತ್ರಕಥೆ ಕಲಾವಿದ 2000ದ ಹೊತ್ತಿಗೆ ಕಟ್ಟಿ ಇಂಟರ್‌ನೆಟ್‌ಗೆ ಹಾಕಿದ ಕಥೆ ಅದು. ಫೋಟೋಗಳೆಲ್ಲ ಕಂಪ್ಯೂಟರಿನಲ್ಲಿ ಸೇರಿಸಿದವು. ಅವರದು ಮೋಸವಲ್ಲ, ಕಲೆಗಾರನ ಆಟ. ಆದರೂ ಎಷ್ಟೋ ಜನ ನಂಬಿದರು. ಕ್ರಿಸ್ ಎಲಿಯಟ್ ಎಂಬ ಹಾಸ್ಯನಟ ಅದನ್ನು ನಿಜಕ್ಕೂ ಹಳೆಯ ಕಾಲದ ವಸ್ತುವೆಂದು ತಿಳಿದು 2005ರ ತಮ್ಮ ಕಾದಂಬರಿಯಲ್ಲಿ ಬಳಸಿಕೊಂಡರು. ಆಮೇಲೆ ಗಿನಾನ್ ಜೊತೆ ರಾಜಿ ಮಾಡಿಕೊಳ್ಳಬೇಕಾಯಿತು.

ಹತ್ತು ನಿಜಗಳ ನಡುವೆ ಒಂದು ಸುಳ್ಳನ್ನು ಕೂರಿಸಿದರೆ ಅದಕ್ಕೂ ನಿಜದ ಬಣ್ಣ ಬರುತ್ತದೆ. ಕೇಳುವವರಿಗೆ ಅದು ಇಷ್ಟವಾಗುವಂತಿದ್ದರೆ ಮುಗಿಯಿತು, ಯಾರೂ ಪ್ರಶ್ನೆ ಕೇಳುವುದಿಲ್ಲ.

*ನಮ್ಮದೇ ಒಂದು ಯಂತ್ರದ ಕಥೆ*

ಬೌದ್ಧ ಪರಂಪರೆಯಲ್ಲೂ ಯಂತ್ರಮಾನವರಿದ್ದಾರೆ. ಬರ್ಮಾದ ಪಾಲಿ ಗ್ರಂಥ ಲೋಕಪಞ್ಞತ್ತಿಯಲ್ಲಿ ಒಂದು ಕಥೆ ಬರುತ್ತದೆ. ಅಜಾತಶತ್ರು ಬುದ್ಧರ ಧಾತುಗಳನ್ನು ನೆಲದಡಿ ಇರಿಸಿ ಯಂತ್ರ ಯೋಧರನ್ನು ಕಾವಲಿಟ್ಟನಂತೆ. ಮುಂದೆ ಸಾಮ್ರಾಟ ಅಶೋಕ ಆ ಯಂತ್ರಗಳನ್ನು ಎದುರಿಸಿ ಧಾತುಗಳನ್ನು ಹೊರತೆಗೆದನಂತೆ. ಸೊಗಸಾದ ಕಥೆ. ಆದರೆ ಆ ಗ್ರಂಥ ರೂಪುಗೊಂಡದ್ದು ಅಜಾತಶತ್ರುವಿನ ಕಾಲದಿಂದ ಸುಮಾರು 1,500 ವರ್ಷಗಳ ನಂತರ. ಕಥೆಯಾಗಿ ಮಕ್ಕಳಿಗೆ ಹೇಳೋಣ. 'ಬೌದ್ಧರು ಆಗಲೇ ರೋಬೋಟ್ ಮಾಡಿದ್ದರು' ಎಂದು ಬರೆದು ಕಳಿಸಿದರೆ ಪುರಾಣದ ವಿಮಾನಗಳ ಬಗ್ಗೆ ಎದೆಯುಬ್ಬಿಸುವವರಿಗೂ ನಮಗೂ ಏನು ವ್ಯತ್ಯಾಸ?

ಅಶೋಕನಿಗೆ ಯಂತ್ರದ ಸಾಕ್ಷಿ ಬೇಕಿಲ್ಲ. ನಮ್ಮ ರಾಯಚೂರಿನ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆ ಶಾಸನ 'ದೇವಾನಾಂಪಿಯ' ಎಂಬ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರನ್ನು ಹೇಳಿತು. ಸನ್ನತಿ ಬಳಿಯ ಕನಗನಹಳ್ಳಿಯ ಶಿಲ್ಪದಲ್ಲಿ ಅವನ ಹೆಸರೂ ಇದೆ, ರೂಪವೂ ಇದೆ.

*ಬಾಬಾಸಾಹೇಬರ ದಾರಿ*

ಸಿದ್ಧಾರ್ಥ ಮುದುಕನನ್ನು, ರೋಗಿಯನ್ನು, ಶವವನ್ನು ನೋಡಿ ಮನೆ ಬಿಟ್ಟ ಎಂಬ ಕಥೆ ಎಲ್ಲರಿಗೂ ಪ್ರಿಯ. ಆದರೂ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದ ಪೀಠಿಕೆಯಲ್ಲೇ ಅದನ್ನು ಪ್ರಶ್ನಿಸಿದರು. 29 ವರ್ಷ ವಯಸ್ಸಿನವರೆಗೂ ಒಬ್ಬ ಮನುಷ್ಯ ಇವನ್ನು ನೋಡಿರಲೇ ಇಲ್ಲವೆಂದರೆ ಹೇಗೆ ಒಪ್ಪುವುದು? ತಮ್ಮ ಗುರುವಿನ ಕಥೆಯನ್ನೂ ಅವರು ಪರೀಕ್ಷೆಯಿಲ್ಲದೆ ಬಿಡಲಿಲ್ಲ. 1948ರ 'ಅಸ್ಪೃಶ್ಯರು' ಗ್ರಂಥದಲ್ಲಿ ಪುರಾವೆಯ ಕೊಂಡಿ ಕಳಚಿದ ಕಡೆ ಊಹೆಯನ್ನು ಬಳಸಿದರು, ಆದರೆ ಅದು ಊಹೆಯೆಂದು ಓದುಗರಿಗೆ ಮೊದಲೇ ಹೇಳಿದರು. ಊಹೆ ಮಾಡುವುದು ತಪ್ಪಲ್ಲ. ಊಹೆಗೆ ಚರಿತ್ರೆಯ ಬಟ್ಟೆ ತೊಡಿಸುವುದು ತಪ್ಪು.

ಚಂಕೀ ಸುತ್ತದಲ್ಲಿ ಭಗವಾನ್ ಬುದ್ಧರು ಇದನ್ನೇ 'ಸತ್ಯವನ್ನು ಕಾಯುವುದು' ಎನ್ನುತ್ತಾರೆ. ನಂಬಿದವನು 'ಇದು ನನ್ನ ನಂಬಿಕೆ' ಎನ್ನಲಿ, 'ಇದೇ ಸತ್ಯ, ಉಳಿದದ್ದು ಸುಳ್ಳು' ಎಂದು ತೀರ್ಮಾನಿಸದಿರಲಿ ಎಂಬುದು ಅದರ ಸಾರ.

*ನಮಗೇಕೆ ಇದು ಮುಖ್ಯ?*

ಸುಳ್ಳು ಚರಿತ್ರೆಯ ಪೆಟ್ಟು ನಮಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಬುದ್ಧರನ್ನು ವಿಷ್ಣುವಿನ ಅವತಾರ ಮಾಡಿದರು. 1956ರಲ್ಲಿ ನಾಗಪುರದಲ್ಲಿ ತೆಗೆದುಕೊಂಡ 22 ಪ್ರತಿಜ್ಞೆಗಳಲ್ಲಿ ಅದನ್ನು ಸುಳ್ಳು ಪ್ರಚಾರವೆಂದೇ ತಿರಸ್ಕರಿಸಿದ್ದೇವೆ. ನಮ್ಮ ಚರಿತ್ರೆಯನ್ನು ಅಳಿಸಿದ್ದಾರೆ, ಆ ಖಾಲಿ ಜಾಗವನ್ನು ತುಂಬುವ ಹಸಿವು ನಮಗಿದೆ. ಆ ಹಸಿವು ನ್ಯಾಯವಾದದ್ದು. ಆದರೆ ಅದೇ ಹಸಿವಿನಲ್ಲಿ ಬಾಬಾಸಾಹೇಬರು ಹೇಳದ ಮಾತುಗಳನ್ನು ಅವರ ಫೋಟೋದ ಕೆಳಗೆ ಬರೆದು ಹಂಚುತ್ತೇವೆ, ಅವರ ಪದವಿಗಳನ್ನು ವರ್ಷವರ್ಷಕ್ಕೂ ಹೆಚ್ಚಿಸುತ್ತೇವೆ. ಕೊಲಂಬಿಯಾದ ಪಿಎಚ್.ಡಿ., ಲಂಡನ್ನಿನ ಡಿ.ಎಸ್ಸಿ., ಗ್ರೇಸ್ ಇನ್‌ನ ಬ್ಯಾರಿಸ್ಟರ್ ಪದವಿ ಸಾಲದೇ? ಒಂದು ಸುಳ್ಳು ಸಿಕ್ಕಿಬಿದ್ದರೆ ವಿರೋಧಿಗಳು ನೂರು ನಿಜಗಳನ್ನೂ ಅದರ ಜೊತೆಗೇ ತಳ್ಳಿಹಾಕುತ್ತಾರೆ.

'ತಿಳಿಯದೆ ಕಳಿಸಿದರೆ ಶೀಲಭಂಗವೇ?' ಎಂದು ಕೇಳಬಹುದು. ಮುಸಾವಾದಕ್ಕೆ ವಂಚಿಸುವ ಉದ್ದೇಶ ಇರಬೇಕೆಂದು ಅಟ್ಠಕಥೆಗಳು ಹೇಳುತ್ತವೆ. ಹಾಗಾಗಿ ತಿಳಿಯದೆ ಕಳಿಸಿದವರು ಸುಳ್ಳುಗಾರರಲ್ಲ, ಅವರದು ಪ್ರಮಾದ. ಆದರೆ 'ಇದು ಸುಳ್ಳು' ಎಂದು ಯಾರೋ ತೋರಿಸಿಕೊಟ್ಟ ಮೇಲೂ 'ಇರಲಿ ಬಿಡಿ, ಸಮಾಜದ ಒಳ್ಳೆಯದಕ್ಕೇ ಅಲ್ಲವೇ' ಎಂದು ಉಳಿಸಿಕೊಂಡರೆ, ಆ ಕ್ಷಣದಿಂದ ಉದ್ದೇಶವೂ ಸೇರಿತು.

*ಇಂದಿನ ಅಭ್ಯಾಸ:* ಇಂದು ಬರುವ ಸಂದೇಶಗಳಲ್ಲಿ ನಿಮಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದನ್ನೇ ಆರಿಸಿಕೊಳ್ಳಿ. ಯಾವ ಪುಸ್ತಕ, ಯಾವ ಸಂಪುಟ, ಯಾವ ಶಾಸನ ಎಂದು ಕಳಿಸಿದವರನ್ನು ವಿನಯದಿಂದ ಕೇಳಿ. ಉತ್ತರ ಸಿಗುವವರೆಗೆ ಅದು ನಿಮ್ಮ ಮೊಬೈಲಿನಲ್ಲೇ ಇರಲಿ.

ಎಲ್ಲರಿಗೂ ಮಂಗಲವಾಗಲಿ.
ಜೈ ಭೀಮ್ 🙏 ನಮೋ ಬುದ್ಧಾಯ